ಪಟ್ಟಿಯಣ್ಣನ ಅಳತೆ

ಒಂಬತ್ತನೇ ಕೋಣೆಯ ಆ ಮನುಷ್ಯನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಪಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಎದೆಗೆ, ಕೈಕಾಲಿಗೆ ತಂತಿ ಹಚ್ಚಿ, ಹೃದಯದ ಬಡಿತವನ್ನು ಚೌಕಳಿ ಕಾಗದದ ಉದ್ದನೆಯ ಪಟ್ಟಿಯ ಮೇಲೆ ಬರೆಸಿ ಕೊಡುವುದು ಅವರ ಕೆಲಸ. ಇಸಿಜಿ ಎಂದರೆ ಈಗ ಎಲ್ಲರಿಗೂ ಗೊತ್ತು. ನಾನು ಅದೇ ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಇಪ್ಪತ್ತೊಂದು ವರ್ಷ ನರ್ಸ್ ಆಗಿದ್ದೆ. ನನ್ನ ಮೇಜಿನಿಂದ ಅವರ ಬಾಗಿಲಿಗೆ ಹನ್ನೆರಡು ಹೆಜ್ಜೆ. ನನ್ನ ಮನೆಯವರ ಮುಖಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಮುಖ ನೋಡಿದ್ದೇನೆ. ಹಾಗಾಗಿ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಇನ್ನೊಂದು ಕಾರಣವೂ ಇದೆ. ಈ ಕಥೆಯಲ್ಲಿ ಒಂದು ಕೆಟ್ಟ ಸಲಹೆ ಕೊಟ್ಟವಳು ನಾನು. ಅದನ್ನು ಬೇರೆ ಯಾರೋ ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಒಂಬತ್ತನೇ ಕೋಣೆ ಕೋಣೆಯೇ ಅಲ್ಲ. ಹಿಂದೆ ಅದು ಹಾಸಿಗೆ ಬಟ್ಟೆ ಇಡುವ ಉಗ್ರಾಣವಾಗಿತ್ತು. ಒಂದು ಎತ್ತರದ ಮಂಚ, ಒಂದು ಯಂತ್ರ, ಒಂದು ಸ್ಟೂಲು, ಒಂದು ಗೋಡೆ ಬೀರು ಇಟ್ಟರೆ ಉಳಿದ ಜಾಗದಲ್ಲಿ ದಪ್ಪ ಮನುಷ್ಯರು ಅಡ್ಡಡ್ಡ ನಡೆಯಬೇಕು. ಕಿಟಕಿಯ ಗಾಜಿಗೆ ಅರ್ಧದವರೆಗೆ ಬಿಳಿ ಬಣ್ಣ ಬಳಿದಿತ್ತು. ಆ ಇಕ್ಕಟ್ಟಿನಲ್ಲಿ ಪಟ್ಟಿಯಣ್ಣ ತಮ್ಮ ಉದ್ದನೆಯ ಕೈಕಾಲುಗಳನ್ನು ಎಲ್ಲಿಗೂ ತಾಕಿಸದೆ ಓಡಾಡುತ್ತಿದ್ದ ರೀತಿ ನೋಡುವಂತಿತ್ತು. ಜೇಬಿನಲ್ಲಿ ಸದಾ ಒಂದು ಹಿತ್ತಾಳೆಯ ಕೈವಾರ. ಶಾಲೆಯ ಮಕ್ಕಳು ಜ್ಯಾಮಿತಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದೇ, ಆದರೆ ಎರಡು ಕಾಲಿಗೂ ಮೊಳೆ ಇರುವಂಥದ್ದು. ಅದರಿಂದ ಪಟ್ಟಿಯ ಮೇಲಿನ ಗೆರೆಗಳ ದೂರ ಅಳೆಯುತ್ತಿದ್ದರು.

ಹೆದರಿ ಬರುವ ರೋಗಿಗಳನ್ನು ಮಲಗಿಸುವುದರಲ್ಲಿ ಅವರದು ಪಳಗಿದ ಕೈ. ತಂತಿಯ ಕೆಳಗೆ ಹಚ್ಚುವ ತಣ್ಣನೆಯ ಜೆಲ್ಲಿಯನ್ನು ಮೊದಲು ತಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. "ಸುಮ್ಮನೆ ಮಲಗೋಕೆ ಅಂತ ಡಾಕ್ಟರೇ ಚೀಟಿ ಬರ್ಕೊಟ್ಟಿದಾರೆ. ಮನೇಲಿ ಇಂಥಾ ಚೀಟಿ ಯಾರಾದ್ರೂ ಕೊಡ್ತಾರಾ? ಆರಾಮಾಗಿ ಮಲಗಿ" ಎನ್ನುತ್ತಿದ್ದರು. ಗೃಹಿಣಿಯರಿಗೆ ಈ ಮಾತು ಕೇಳಿದರೆ ನಗು ಬಂದೇ ಬರುತ್ತಿತ್ತು. ನಗು ನಿಂತು ಉಸಿರು ಸಮ ಆಗುವ ಆ ಗಳಿಗೆಗೆ ಕಾದು ಗುಂಡಿ ಒತ್ತುತ್ತಿದ್ದರು.

ಕಣ್ಣು ಎಂಥದ್ದು ಅಂತೀರಿ! ಒಮ್ಮೆ ಒಬ್ಬ ಬಸ್ ಡ್ರೈವರ್ ಹೊಟ್ಟೆ ಉಬ್ಬರ ಎಂದು ಬಂದು, ಸರತಿಯಲ್ಲಿ ನಿಂತು ಬೈದಾಡುತ್ತಿದ್ದ. ಪಟ್ಟಿ ಇನ್ನೂ ಯಂತ್ರದಿಂದ ಅರ್ಧ ಹೊರಬಂದಿತ್ತು, ಪಟ್ಟಿಯಣ್ಣ ಬಾಗಿಲಿಗೆ ಬಂದು ಬಹಳ ಮೆಲ್ಲಗೆ, "ಸಿಸ್ಟರ್, ಗಾಲಿಕುರ್ಚಿ ತನ್ನಿ, ಓಡ್ಬೇಡಿ, ಬೇಗ ನಡೀರಿ" ಅಂದರು. ಡಾಕ್ಟರ್ ಬರುವ ಮೊದಲೇ ಡ್ರೈವರನ ಹೃದಯಾಘಾತ ಅವರಿಗೆ ಗೊತ್ತಾಗಿತ್ತು. ಆ ಡ್ರೈವರ್ ಬದುಕಿದ. ಇಂಥವು ಹತ್ತಾರು. ಕಡೆಕಡೆಗೆ ಡಾಕ್ಟರುಗಳೇ, "ಪಟ್ಟಿಯಣ್ಣ ನೋಡಿದಾರಾ? ಏನಂದ್ರು?" ಎಂದು ಕೇಳಿ, ಅವರು ಸರಿ ಇದೆ ಅಂದಿದ್ದರೆ ಕಾರಿಡಾರಿನಲ್ಲೇ ನಿಂತು ಸಹಿ ಹಾಕುವಷ್ಟು ನಂಬಿಕೆ ಬೆಳೆದಿತ್ತು. ನಂಬಿಕೆ ಒಳ್ಳೆಯದೇ. ಅದರ ಹೆಗಲ ಮೇಲೆ ಕೂತು ನಿದ್ದೆ ಮಾಡುವುದು ಒಳ್ಳೆಯದಲ್ಲ ಎಂದು ನಮಗೆ ತಡವಾಗಿ ತಿಳಿಯಿತು.

ಅವರಿಗೊಂದು ಪದ್ಧತಿ ಇತ್ತು. ಬೆಳಗ್ಗೆ ಎಂಟಕ್ಕೆ ಮೊದಲ ರೋಗಿ. ಏಳೂ ಮುಕ್ಕಾಲಿಗೆ ಪಟ್ಟಿಯಣ್ಣ ಬಾಗಿಲು ಹಾಕಿಕೊಂಡು, ಅಂಗಿ ಬಿಚ್ಚಿ, ತಮಗೆ ತಾವೇ ತಂತಿ ಹಚ್ಚಿಕೊಂಡು ಮಂಚದ ಮೇಲೆ ಮಲಗಿ ಒಂದು ಪಟ್ಟಿ ತೆಗೆಯುತ್ತಿದ್ದರು. ಕೆಲಸ ಕಲಿಸಿದ ಹಿರಿಯ ಟೆಕ್ನಿಷಿಯನ್, ಯಂತ್ರವನ್ನು ಬೇರೆಯವರ ಮೇಲೆ ಹಾಕುವ ಮೊದಲು ನಿನ್ನ ಮೇಲೆ ಹಾಕಿಕೋ ಎಂದು ಹೇಳಿಕೊಟ್ಟಿದ್ದರಂತೆ. ಹಳೆಯ ಯಂತ್ರ ಆಗಾಗ ಹಠ ಮಾಡುತ್ತಿತ್ತು. ಗೆರೆ ನಡುಗುತ್ತಿತ್ತು, ಕಾಗದ ಜಾರುತ್ತಿತ್ತು. ತಮ್ಮ ಪಟ್ಟಿ ನಿನ್ನೆಯ ಹಾಗೇ ಬಂದರೆ ಯಂತ್ರ ಸರಿ ಇದೆ ಎಂದು ಅರ್ಥ. ತಿಂಗಳ ಮೊದಲ ದಿನದ ಪಟ್ಟಿಯನ್ನು ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿ ಇಡುತ್ತಿದ್ದರು. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಅದನ್ನೇ ತೋರಿಸಿ, "ಇದು ನೋಡಿ, ಸರಿಯಾದ ಪಟ್ಟಿ ಅಂದ್ರೆ ಹೀಗಿರ್ಬೇಕು" ಎನ್ನುತ್ತಿದ್ದರು.

ಇಲ್ಲೇ ಆದದ್ದು ತಪ್ಪು. ಯೋಚಿಸಿ ನೋಡಿದರೆ ಆ ಕೆಲಸದವರು ಮಾತ್ರ ಮಾಡಬಹುದಾದ ತಪ್ಪು. ಆ ಮಂಚದ ಮೇಲೆ ಮಲಗುತ್ತಿದ್ದವರೆಲ್ಲ ಏನೋ ಒಂದು ತೊಂದರೆ ಇದ್ದೇ ಬಂದವರು. ಆರೋಗ್ಯವಂತ ಎಂದು ಪಟ್ಟಿಯಣ್ಣನಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಒಬ್ಬರೇ, ಅದು ತಾವು. ಇಪ್ಪತ್ತೈದು ವರ್ಷದಲ್ಲಿ ಒಂದು ದಿನವೂ ಜ್ವರಕ್ಕೆ ರಜೆ ಹಾಕಿದವರಲ್ಲ. ಹಾಗಾಗಿ ಬೇರೆಯವರ ಪಟ್ಟಿ ತಮ್ಮದಕ್ಕಿಂತ ಬೇರೆ ಇದ್ದರೆ ಅದು ಅವರವರ ಮೈಯ ಗುಣ, ತಮ್ಮದರ ಹಾಗೇ ಇದ್ದರೆ ಬೇರೆ ಯೋಚನೆಯೇ ಬೇಡ. ದಿನಾ ಬೆಳಗ್ಗೆ ಕಣ್ಣಿಗೆ ಮೊದಲು ಬೀಳುತ್ತಿದ್ದ ಆ ಗೆರೆ ಅವರ ಅಳತೆಗೋಲಾಯಿತು. ಅದನ್ನು ಯಾವ ಡಾಕ್ಟರೂ ಓದಿರಲಿಲ್ಲ. ರೋಗಿಯಲ್ಲದವನ ಪಟ್ಟಿ ಯಾರು ಓದುತ್ತಾರೆ?

ಏಳು ವರ್ಷದ ಹಿಂದೆ ಹೊಸ ಯಂತ್ರ ಬಂತು. ಅದು ಗೆರೆ ಬರೆಯುವುದಲ್ಲದೆ, ಮೂಲೆಯಲ್ಲಿ ತನ್ನ ಅಭಿಪ್ರಾಯವನ್ನೂ ಅಚ್ಚು ಮಾಡುತ್ತಿತ್ತು. ಮೊದಲ ದಿನ ಬೆಳಗ್ಗೆ ಪಟ್ಟಿಯಣ್ಣ ಮಲಗಿ ತಮ್ಮ ಪಟ್ಟಿ ತೆಗೆದರು. ಬಡಿತದ ನಂತರದ ಬಿಡುವು ಹೆಚ್ಚು, ವೈದ್ಯರು ಪರಿಶೀಲಿಸಬೇಕು ಎಂದು ಮೂಲೆಯಲ್ಲಿ ಬಂತು. ಅವರು ಅದನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದು ಮುಖ ಊದಿಸಿಕೊಂಡು ನಿಂತರು.

"ನೋಡಿ ಸಿಸ್ಟರ್, ನಿನ್ನೆ ಪೆಟ್ಟಿಗೆಯಿಂದ ಇಳಿದಿದೆ, ಇವತ್ತು ನನಗೆ ರೋಗ ಇದೆ ಅಂತಿದೆ."

"ನಿಮಗಾ? ನಿಮಗೆ ಇರೋ ರೋಗ ಅಂದ್ರೆ ಮಾತು ಮಾತ್ರ" ಎಂದು ನಾನು ನಕ್ಕೆ.

ಕಂಪನಿಯ ಇಂಜಿನಿಯರನ್ನು ಕರೆಸಿದರು. ಅವನು ಒಂದು ಪುಟ್ಟ ಪೆಟ್ಟಿಗೆಯಿಂದ ನಕಲಿ ಬಡಿತ ಕೊಟ್ಟು ಯಂತ್ರವನ್ನು ಪರೀಕ್ಷಿಸಿ, ಎಲ್ಲ ಸರಿಯಾಗಿದೆ ಎಂದ. ಪಟ್ಟಿಯಣ್ಣ ಒಪ್ಪಲಿಲ್ಲ. ಹಳೆಯ ಪುಸ್ತಕಗಳನ್ನೆಲ್ಲ ಬೀರುವಿನಿಂದ ಇಳಿಸಿ, ಹದಿನೆಂಟು ವರ್ಷದ ಪಟ್ಟಿಗಳನ್ನು ಅವನ ಮುಂದೆ ಹರಡಿದರು. "ಯಾವತ್ತೂ ಇಷ್ಟೇ ಇರೋದು. ನಾನು ಬದುಕಿಲ್ವಾ? ಇದು ತಪ್ಪು ಹೇಳಿ ನಾಳೆ ರೋಗಿಗಳ ಎದೆ ಒಡೆಸಿದ್ರೆ ಯಾರು ಜವಾಬ್ದಾರಿ?" ಎಂದರು. ಇಂಜಿನಿಯರಿಗೆ ಊಟದ ಹೊತ್ತಾಗಿತ್ತು. ಬೇಡವಾದರೆ ಆ ಅಚ್ಚನ್ನೇ ನಿಲ್ಲಿಸಬಹುದು, ಇಲ್ಲಿ ಸಹಿ ಮಾಡಿ ಎಂದ. ಪಟ್ಟಿಯಣ್ಣ ಸಹಿ ಮಾಡಿದರು. ಅಂದಿನಿಂದ ಯಂತ್ರದ ಬಾಯಿಗೆ ಬೀಗ ಬಿತ್ತು. ಆ ಸಹಿಗೆ ಸಾಕ್ಷಿ ಹಾಕಿದವಳು ನಾನೇ.

ಮದುವೆ ಆಗಿರಲಿಲ್ಲ ಅವರಿಗೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ತಂಗಿ ಮತ್ತು ತಂಗಿಯ ಮಗಳ ಜೊತೆ ಇದ್ದರು. ತಂಗಿಯ ಗಂಡ ಮಗು ಹುಟ್ಟಿದ ಎರಡನೇ ವರ್ಷವೇ ಕೈಬಿಟ್ಟು ಹೋಗಿದ್ದ. ಅವನ ಸುದ್ದಿ ಎತ್ತಿದರೆ ಪಟ್ಟಿಯಣ್ಣ, "ಯಾರು ಅವರು?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ತಂಗಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ನಗುಮುಖದ, ಮೆಲುದನಿಯ ಹೆಂಗಸು. ಇಬ್ಬರ ತಾಯಿ ಮೂವತ್ತನಾಲ್ಕನೇ ವಯಸ್ಸಿಗೆ, ಅಡುಗೆಮನೆಯ ಅಟ್ಟದಿಂದ ಪಾತ್ರೆಗಳು ಉರುಳಿ ಬಿದ್ದ ಸದ್ದಿಗೆ ಬೆಚ್ಚಿ ಅಲ್ಲೇ ಕುಸಿದು ತೀರಿಕೊಂಡವರು. ಹೆದರಿ ಸತ್ತಳು ಎಂದು ಊರು ಹೇಳಿತ್ತು, ಮಕ್ಕಳೂ ಹಾಗೇ ನಂಬಿದ್ದರು.

ಎರಡು ವರ್ಷದ ಹಿಂದೆ ಗ್ರಂಥಾಲಯದಲ್ಲಿ ಬೆಂಕಿಯ ಗಂಟೆ ಸರಿಯಾಗಿ ಬಾರಿಸುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಗಂಟೆ ಬಾರಿಸಿತು, ತಂಗಿ ಪುಸ್ತಕಗಳ ಗಾಡಿಯ ಮೇಲೆ ಎಚ್ಚರ ತಪ್ಪಿ ಬಿದ್ದಳು. ಕೈಕಾಲು ಅದುರಿದವಂತೆ. ಅರ್ಧ ನಿಮಿಷದಲ್ಲಿ ಎದ್ದು ಕೂತಳು. ಮರುದಿನ ಅಣ್ಣ ಆಕೆಯನ್ನು ಒಂಬತ್ತನೇ ಕೋಣೆಗೆ ಕರೆತಂದು ಪಟ್ಟಿ ತೆಗೆದರು. ನಾನೂ ಬಾಗಿಲಲ್ಲಿ ನಿಂತಿದ್ದೆ. ಪಟ್ಟಿಯಣ್ಣ ತಮ್ಮ ಆ ದಿನದ ಪಟ್ಟಿಯನ್ನು ತಂಗಿಯ ಪಟ್ಟಿಯ ಪಕ್ಕ ಹಿಡಿದು, ಕೈವಾರ ಇಟ್ಟು ನೋಡಿ ನಕ್ಕರು.

"ನೋಡೇ, ಅಚ್ಚು ಹಾಕ್ದಂಗಿದೆ. ತುದೀಲಿ ಆ ಸಣ್ಣ ಉಬ್ಬು ಕೂಡ ಅಲ್ಲೇ. ಒಂದೇ ಹೊಟ್ಟೇಲಿ ಹುಟ್ಟಿದ್ದಕ್ಕೆ ಸಾಕ್ಷಿ ಬೇಕಾ?"

"ಮೂಗು ನಿನ್ನ ಹಾಗೆ ಬರ್ಲಿಲ್ವಲ್ಲ, ಅಷ್ಟು ಸಾಕು" ಅಂದಳು ತಂಗಿ.

ಹೃದಯದ ಡಾಕ್ಟರ್ ಆಗ ನಿವೃತ್ತಿಯ ಅಂಚಿನಲ್ಲಿದ್ದವರು. ಪಟ್ಟಿಯಣ್ಣ ಸರಿ ಇದೆ ಅಂದಿದ್ದಾರೆ ಎಂದು ತಿಳಿದು ಸಹಿ ಹಾಕಿದರು. ಹೃದಯದ್ದಲ್ಲ, ಫಿಟ್ಸ್ ಇರಬಹುದು ಎಂದು ಬೇರೆ ವಿಭಾಗಕ್ಕೆ ಕಳಿಸಿದರು. ಅಲ್ಲಿ ಫಿಟ್ಸ್ ಮಾತ್ರೆ ಕೊಟ್ಟರು. ಪಟ್ಟಿಯಣ್ಣ ಎರಡೂ ಪಟ್ಟಿಗಳನ್ನು ಪುಸ್ತಕದಲ್ಲಿ ಅಕ್ಕಪಕ್ಕ ಅಂಟಿಸಿದರು. ಐದು ತಿಂಗಳ ನಂತರ ಒಂದು ಬೆಳಗ್ಗೆ ತಂಗಿ ಹಾಸಿಗೆಯಲ್ಲೇ ತೀರಿಕೊಂಡಳು. ಫಿಟ್ಸ್ ಬಂದು ಹೋದಳು ಎಂದು ಬರೆದರು.

ಆಮೇಲಿನ ಎಂಟು ತಿಂಗಳು ಪಟ್ಟಿಯಣ್ಣ ಹೇಗೆ ದಿನ ನೂಕಿದರೆಂದು ಹೇಳಲು ನನಗೆ ಇಷ್ಟವಿಲ್ಲ. ಜೋಕುಗಳು ಹಾಗೇ ಇದ್ದವು, ಹೇಳುವ ದನಿ ಸತ್ತಿತ್ತು. ತಂಗಿಯ ಮಗಳಿಗೆ ಹದಿಮೂರು. ಶಾಲೆ ಬಿಟ್ಟ ಮೇಲೆ ನೇರ ಆಸ್ಪತ್ರೆಗೆ ಬಂದು, ನನ್ನ ಮೇಜಿನ ಪಕ್ಕದ ಬೆಂಚಿನ ಮೇಲೆ ಕೂತು ಓದಿಕೊಳ್ಳುತ್ತಿದ್ದಳು, ಮಾಮನ ಕೆಲಸ ಮುಗಿದ ಮೇಲೆ ಇಬ್ಬರೂ ಮನೆಗೆ ಹೋಗುತ್ತಿದ್ದರು. ಮಾತು ಕಡಿಮೆ ಹುಡುಗಿ. ತಾಯಿ ಸತ್ತ ಮೇಲೆ ಅದೂ ಇಲ್ಲ. ಯಾರಾದರೂ ಅವಳ ಅಮ್ಮನ ಬಗ್ಗೆ ಮಾತೆತ್ತಿದರೆ ಎದ್ದು ನೀರು ಕುಡಿಯಲು ಹೋಗುತ್ತಿದ್ದಳು. ದುಃಖ ಎಂದುಕೊಂಡೆವು. ಅದರ ಜೊತೆ ಇನ್ನೊಂದು ಇತ್ತೆಂದು ಯಾರಿಗೂ ಹೊಳೆಯಲಿಲ್ಲ.

ಒಂದು ಸಂಜೆ ವಾರ್ಡಿನ ಆಯಾ ಸ್ಟೀಲಿನ ದೊಡ್ಡ ಟ್ರೇ ಹೊತ್ತು ಬರುತ್ತಿದ್ದಳು. ಒದ್ದೆ ನೆಲ, ಕಾಲು ಜಾರಿತು. ಟ್ರೇ, ಕತ್ತರಿ, ಬಟ್ಟಲು ಎಲ್ಲ ಒಟ್ಟಿಗೆ ಬೆಂಚಿನ ಹತ್ತಿರವೇ ಬಿದ್ದವು. ಹುಡುಗಿ ಬೆಚ್ಚಿ ಎದ್ದು ನಿಂತಳು, ನನ್ನ ಕಡೆ ತಿರುಗಿದಳು, ಹಾಗೇ ಕಣ್ಣು ಮೇಲಾಗಿ ಕುಸಿದಳು. ನಾನು ಹಿಡಿದುಕೊಂಡೆ. ಅವಳ ಕುತ್ತಿಗೆಗೆ ಬೆರಳಿಟ್ಟೆ. ನಾಡಿ ಇರಲಿಲ್ಲ. ಇತ್ತೇನೋ, ನಡುಕದ ಹಾಗೆ, ಲೆಕ್ಕಕ್ಕೆ ಸಿಗದ ಹಾಗೆ. ಹತ್ತು ಸೆಕೆಂಡು ಇರಬಹುದು. ಆಮೇಲೆ ಒಂದು ಬಡಿತ ಬಂತು, ಇನ್ನೊಂದು ಬಂತು, ಅವಳು ಕಣ್ಣು ಬಿಟ್ಟು, "ಏನಾಯ್ತು ಆಂಟಿ?" ಅಂದಳು.

ಪಟ್ಟಿಯಣ್ಣ ಅವಳನ್ನು ಎತ್ತಿಕೊಂಡೇ ಒಂಬತ್ತನೇ ಕೋಣೆಗೆ ಹೋದರು. ನಾನೇ ತಂತಿ ಹಚ್ಚಿದೆ. ಪಟ್ಟಿ ಹೊರಬಂತು. ಅವರು ಅದನ್ನು ಕಣ್ಣಿಟ್ಟು ನೋಡಿ ಉದ್ದನೆಯ ಉಸಿರು ಬಿಟ್ಟರು.

"ಏನೂ ಇಲ್ಲ ಮರಿ. ಸರಿ ಇದೆ. ನನ್ನದರ ಹಾಗೇ..."

ಮಾತು ಅಲ್ಲಿಗೇ ನಿಂತಿತು. ಇದೇ ಮಾತನ್ನು ಇದೇ ಮಂಚದ ಪಕ್ಕದಲ್ಲಿ ನಿಂತು ಇನ್ನೊಬ್ಬಳಿಗೆ ಹೇಳಿದ್ದು ಅವರಿಗೆ ನೆನಪಾಯಿತೆಂದು ನನಗೆ ತಿಳಿಯಿತು, ಏಕೆಂದರೆ ನನಗೂ ಅದೇ ನೆನಪಾಗಿತ್ತು.

ಹುಡುಗಿಯನ್ನು ವಾರ್ಡಿನಲ್ಲಿ ಮಲಗಿಸಿ ಬಂದಾಗ ಅವರು ಸ್ಟೂಲಿನ ಮೇಲೆ ಮೂರು ಪಟ್ಟಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ತಮ್ಮದು, ತಂಗಿಯದು, ತಂಗಿಯ ಮಗಳದು. ತಂಗಿಯದನ್ನು ಪುಸ್ತಕದಿಂದ ಬ್ಲೇಡಿನಲ್ಲಿ ಬಿಡಿಸಿದ್ದರು.

"ಸಿಸ್ಟರ್, ಬಡಿತದ ನಂತರದ ಬಿಡುವು ನನ್ನದು ಹದಿಮೂರು ಸಣ್ಣ ಚೌಕ. ಅವಳದು ಹದಿಮೂರು. ಈ ಮಗೂದು ಹನ್ನೊಂದೂವರೆ. ಎಲ್ಲಾ ಪಾಠದ ಪುಸ್ತಕದಲ್ಲೂ ಹನ್ನೊಂದರ ಒಳಗಿರ್ಬೇಕು ಅಂತಿದೆ. ನಾನು ಓದಿದೀನಿ. ಪರೀಕ್ಷೆಗೆ ಬರೆದಿದೀನಿ." ಕೈವಾರವನ್ನು ಮಡಿಸಿಟ್ಟು, "ಆ ಯಂತ್ರ ಮೊದಲ ದಿನವೇ ಹೇಳಿತ್ತು" ಅಂದರು.

ತಂಗಿಯ ಪಟ್ಟಿಯ ಕೆಳಗೆ ಅವರದೇ ದುಂಡು ಅಕ್ಷರದಲ್ಲಿ ಬರೆದಿತ್ತು: ನನ್ನದರ ಹಾಗೇ. ಸರಿ ಇದೆ.

ಆಗ ನಾನು ಕೊಟ್ಟೆ ಆ ಸಲಹೆ. "ಮಗೂದನ್ನ, ನಿಮ್ಮದನ್ನ ಹೃದಯದ ವಿಭಾಗಕ್ಕೆ ಬಂದಿರೋ ಹೊಸ ಡಾಕ್ಟರಮ್ಮಂಗೆ ತೋರಿಸಿ. ಇದನ್ನ ಹರಿದು ಹಾಕಿ. ಹೋದವಳು ಹೋದಳು. ಆ ಹುಡುಗಿಗೆ ಈಗ ಇರೋದು ನೀವೊಬ್ಬರೇ. ಅವರಮ್ಮನ್ನ ನೀವೇ ಕೈಯಾರೆ ಕಳಕೊಂಡ್ರಿ ಅಂತ ಗೊತ್ತಾದ್ರೆ ಅವಳು ಯಾರ ಜೊತೆ ಬದುಕ್ಬೇಕು?" ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ. ಆದರೆ ಆ ಹಳೆಯ ಸಹಿಯ ಕೆಳಗೆ ನನ್ನ ಹೆಸರೂ ಇತ್ತಲ್ಲ, ಅದು ನನ್ನ ತಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ತಂಗಿಯ ಪಟ್ಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಮರುದಿನ ಬೆಳಗ್ಗೆ ಹೊಸ ಡಾಕ್ಟರಮ್ಮನ ಕೋಣೆಯಲ್ಲಿ ನಾವು ನಾಲ್ವರು. ಚಿಕ್ಕ ವಯಸ್ಸಿನಾಕೆ, ಮಾತಿಗಿಂತ ಮೊದಲು ಕಾಗದ ನೋಡುವ ಸ್ವಭಾವ. ಪಟ್ಟಿಯಣ್ಣನ ಕೈವಾರವನ್ನೇ ಕೇಳಿ ಪಡೆದು ಎರಡೂ ಪಟ್ಟಿ ಅಳೆದರು.

"ನಿಮ್ಮದು ಉದ್ದ ಇದೆ, ಚೆನ್ನಾಗೇ ಉದ್ದ ಇದೆ. ಆದ್ರೆ ನಿಮಗೆ ಐವತ್ತೊಂದು ವರ್ಷ. ಒಂದು ದಿನಾನೂ ತಲೆ ತಿರುಗಿಲ್ಲ ಅಂತೀರಿ. ಹುಡುಗೀದು ಗಡಿ ಮೇಲಿದೆ. ಹೆದರಿ ತಲೆಸುತ್ತು ಬಂದಿದ್ರೂ ಬಂದಿರ್ಬಹುದು. ಇದು ಹುಟ್ಟಿನಿಂದ ಬಂದಿರೋ ತೊಂದರೆ ಆಗಿದ್ರೆ ಇವತ್ತೇ ಮಾತ್ರೆ ಶುರು ಮಾಡ್ಬೇಕು. ಆದ್ರೆ ಇವಳಿಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಆ ಮಾತ್ರೆ ಉಬ್ಬಸಾನ ಕೆರಳಿಸ್ಬಹುದು. ಸುಮ್ಮನೆ ಅನುಮಾನಕ್ಕೆ ಕೊಡೋಕೆ ನನಗೆ ಧೈರ್ಯ ಇಲ್ಲ. ರಕ್ತ ಕಳಿಸ್ತೀನಿ, ಜೀನ್ ಪರೀಕ್ಷೆಗೆ. ಆರು ವಾರ ಆಗತ್ತೆ." ಆಮೇಲೆ ತಲೆ ಎತ್ತಿ, "ಇವಳ ತಾಯಿದು ಒಂದು ಪಟ್ಟಿ ಇದ್ದಿದ್ರೆ ನನಗೆ ಇಷ್ಟು ಯೋಚನೆ ಇರ್ತಿರ್ಲಿಲ್ಲ. ಯಾವತ್ತಾದ್ರೂ ತೆಗೆಸಿದ್ರಾ?" ಎಂದು ಕೇಳಿದರು.

ನಾನು ನೆಲ ನೋಡಿದೆ. ಪಟ್ಟಿಯಣ್ಣನ ಕೈ ಜೇಬಿನ ಮೇಲೆ ಹೋಗಿ ಅಲ್ಲೇ ನಿಂತಿತು. ಆರು ವಾರ ಎಂದರೆ ನಲವತ್ತೆರಡು ದಿನ. ಅಷ್ಟು ದಿನದಲ್ಲಿ ಒಂದು ಬಾಗಿಲು ಬಡಿಯದೆ, ಒಂದು ತಟ್ಟೆ ಬೀಳದೆ, ಒಂದು ಫೋನು ಹೊಡೆಯದೆ ಇರುತ್ತದೆಯೇ? ಇದು ಕೋಣೆಯಲ್ಲಿ ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಕಾಗದ ಜೇಬಿನಲ್ಲೇ ಉಳಿಯಿತು. ಅವರು ಹೇಡಿಯಲ್ಲ. ಹುಡುಗಿ ಅವರ ಪಕ್ಕದಲ್ಲೇ ಕೂತಿದ್ದಳು.

ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿದರು. "ಅಮ್ಮ ಹೋದಾಗ ನೀನು ಹತ್ರ ಇದ್ಯಾ ಪುಟ್ಟಾ? ಏನಾಯ್ತು, ಹೇಳ್ತೀಯಾ?"

ನೀರು ಕುಡಿಯಲು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ಅಲಾರಂ ಹೊಡೀತು" ಅಂದಳು. "ನಾನೇ ಇಟ್ಟಿದ್ದು. ಗಣಿತ ಪರೀಕ್ಷೆ ಇತ್ತು. ನನ್ನ ಹತ್ರ ಇಟ್ಕೊಂಡ್ರೆ ಆಫ್ ಮಾಡಿ ಮಲಗ್ಬಿಡ್ತೀನಿ ಅಂತ ಅಮ್ಮನ ತಲೆದಿಂಬಿನ ಪಕ್ಕ ಇಟ್ಟೆ. ಅಮ್ಮ ಬೆಚ್ಚಿಬಿದ್ದು ಎದ್ದು ಕೂತ್ಲು. ಹಾಗೇ ಬಿದ್ಲು. ನಾನು ಗಡಿಯಾರಾನ ಕಸದ ಡಬ್ಬಿಗೆ ಹಾಕ್ದೆ. ಯಾರಿಗೂ ಹೇಳ್ಲಿಲ್ಲ." ಮಾಮನ ಕಡೆ ತಿರುಗಿ, "ನಾನು ಇಡ್ದೇ ಇದ್ದಿದ್ರೆ ಇರ್ತಿದ್ಲು" ಅಂದಳು.

ಎಂಟು ತಿಂಗಳು ಈ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಮೇಜಿನ ಪಕ್ಕ ಕೂತು ಲೆಕ್ಕ ಮಾಡುತ್ತಿತ್ತು. ನಾನು ಅವಳಿಗೆ ಬಿಸ್ಕತ್ತು ಕೊಟ್ಟು ದೊಡ್ಡ ಉಪಕಾರ ಮಾಡಿದವಳಂತೆ ಇದ್ದೆ. ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯ ಇವತ್ತಿಗೂ ಹೋಗಿಲ್ಲ.

ಪಟ್ಟಿಯಣ್ಣ ಜೇಬಿನಿಂದ ಕಾಗದ ತೆಗೆದು ಡಾಕ್ಟರಮ್ಮನ ಮುಂದೆ ಬಿಡಿಸಿಟ್ಟರು. ಆಮೇಲೆ ಡಾಕ್ಟರಮ್ಮನಿಗಲ್ಲ, ಹುಡುಗಿಗೆ ಹೇಳಿದರು.

"ನೀನಲ್ಲ ಮರಿ. ನಾನು. ಇದು ನಿಮ್ಮಮ್ಮಂದು. ಅವಳು ಹೋಗೋಕೆ ಐದು ತಿಂಗಳು ಮುಂಚೆ ನಾನೇ ತೆಗ್ದಿದ್ದು. ಇದರಲ್ಲಿ ಎಲ್ಲಾ ಇದೆ. ಯಾರು ನೋಡಿದ್ರೂ ಗೊತ್ತಾಗತ್ತೆ. ನಾನು ಸರಿ ಇದೆ ಅಂತ ಬರೆದೆ. ಇಲ್ಲಿ, ಓದು. ಅವತ್ತೇ ಮಾತ್ರೆ ಶುರು ಮಾಡಿದ್ರೆ, ನೀನು ಹತ್ತು ಅಲಾರಂ ಇಟ್ಟಿದ್ರೂ ಅವಳು ಎದ್ದು ನಿನಗೆ ಬೈದು ಒಳಗೆ ಹೋಗ್ತಿದ್ಲು."

ಹುಡುಗಿ ಓದಿದಳು. ಎರಡು ಸಲ ಓದಿದಳು. ಕುರ್ಚಿಯನ್ನು ಮಾಮನಿಂದ ಒಂದು ಗೇಣು ದೂರ ಎಳೆದುಕೊಂಡಳು. ಅಳಲಿಲ್ಲ. ಅಳುತ್ತಿದ್ದವರು ಪಟ್ಟಿಯಣ್ಣ ಮತ್ತು ನಾನು. ಡಾಕ್ಟರಮ್ಮ ಹದಿಮೂರು ಚೌಕ ಎಣಿಸಿ ಮುಗಿಸಿ, ಹುಡುಗಿಯನ್ನು ಮೂರು ದಿನ ವಾರ್ಡಿನಲ್ಲಿಟ್ಟು ಉಬ್ಬಸ ನೋಡಿಕೊಳ್ಳುತ್ತ ಮಾತ್ರೆ ಶುರು ಮಾಡುವಂತೆ ಬರೆದರು. ಅದೇ ಮಧ್ಯಾಹ್ನ ಮೊದಲ ಮಾತ್ರೆ ನುಂಗಿಸಿದವಳು ನಾನು. ಉಬ್ಬಸ ಕೆರಳಲಿಲ್ಲ.

ಆರು ವಾರಕ್ಕೆ ಜೀನಿನ ವರದಿ ಬಂತು. ಡಾಕ್ಟರಮ್ಮ ನಮಗೆ ಅರ್ಥವಾಗುವಂತೆ ಬಿಡಿಸಿ ಹೇಳಿದರು. ಹೃದಯದ ಒಂದೊಂದು ಕಣದ ಗೋಡೆಯಲ್ಲೂ ಪುಟ್ಟ ಬಾಗಿಲುಗಳಿವೆಯಂತೆ. ಪ್ರತಿ ಬಡಿತದ ನಂತರ ಆ ಬಾಗಿಲಿನಿಂದ ಪೊಟ್ಯಾಸಿಯಂ ಹೊರಗೆ ಹೋದರೆ ಮಾತ್ರ ಕಣ ಮುಂದಿನ ಬಡಿತಕ್ಕೆ ಸಜ್ಜಾಗುತ್ತದೆ. ಆ ಬಾಗಿಲನ್ನು ಹೇಗೆ ಕಟ್ಟಬೇಕೆಂದು ಹೇಳುವ ಬರಹವೇ ಆ ಜೀನು. ಸಾವಿರಾರು ಅಕ್ಷರದ ಬರಹ, ಅದರಲ್ಲಿ ಒಂದು ಅಕ್ಷರ ಬದಲಾಗಿದೆ. ಬಾಗಿಲು ಸರಿಯಾಗಿ ತೆರೆಯುವುದಿಲ್ಲ, ಹೃದಯ ಸಜ್ಜಾಗುವುದು ತಡ. ಸರಿಯಾಗಿ ಆ ಹೊತ್ತಿಗೆ ಒಂದು ಸದ್ದು ಎದೆಯನ್ನು ಬೆಚ್ಚಿಸಿದರೆ ತಾಳ ಚೆಲ್ಲಾಪಿಲ್ಲಿಯಾಗುತ್ತದೆ. ಹುಡುಗಿಯಲ್ಲಿ ಆ ಅಕ್ಷರ ಬದಲಾಗಿತ್ತು, ಪಟ್ಟಿಯಣ್ಣನಲ್ಲೂ. ತಂಗಿಯಲ್ಲೂ ಇದ್ದಿರಲೇಬೇಕು, ಪಾತ್ರೆಯ ಸದ್ದಿಗೆ ಹೋದ ತಾಯಿಯಲ್ಲೂ. ಒಂದೇ ತಪ್ಪು ಒಬ್ಬರನ್ನು ಮುಟ್ಟದೆ ಬಿಡುತ್ತದೆ, ಇನ್ನೊಬ್ಬರನ್ನು ಒಯ್ಯುತ್ತದೆ, ಹೆಂಗಸರನ್ನು ಹೆಚ್ಚು ಕಾಡುತ್ತದೆ ಎಂದರು. ಇದಕ್ಕೆ ನ್ಯಾಯ ಎನ್ನುವುದಿಲ್ಲ. ಹಾಗಿದೆ, ಅಷ್ಟೆ.

ಅಷ್ಟರಲ್ಲಿ ಪಟ್ಟಿಯಣ್ಣ ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಕೊಟ್ಟಿದ್ದರು. ನಾನೂ ಕೆಳಗೆ ಸಹಿ ಮಾಡಿದೆ. ವಿಚಾರಣೆ ಆಯಿತು, ಇಬ್ಬರಿಗೂ ಛೀಮಾರಿ ಬಂತು, ಯಂತ್ರದ ಅಚ್ಚು ಮತ್ತೆ ಶುರುವಾಯಿತು. ಅವರು ಒಂದು ತಿಂಗಳ ರಜೆ ಹಾಕಿ, ದಾಖಲೆ ಕೋಣೆಯ ಧೂಳಿನಲ್ಲಿ ಕೂತು, ಎಚ್ಚರ ತಪ್ಪಿ ಬಂದಿದ್ದ ಹಳೆಯ ರೋಗಿಗಳ ಪಟ್ಟಿಗಳನ್ನೆಲ್ಲ ಕೈವಾರ ಹಿಡಿದು ಮತ್ತೆ ಅಳೆದರು. ಅವರಲ್ಲಿ ಅದೇ ಉದ್ದನೆಯ ಬಿಡುವಿದ್ದ ಒಬ್ಬ ಶಾಲಾ ಶಿಕ್ಷಕಿ ಸಿಕ್ಕಿದಳು. ಆಕೆಯ ಮನೆ ಹುಡುಕಿಕೊಂಡು ತಾವೇ ಹೋಗಿ ಕರೆತಂದರು. ಬಾಗಿಲಲ್ಲಿ ಆಕೆಯ ಗಂಡ ಸಿಕ್ಕಾಪಟ್ಟೆ ಬೈದನಂತೆ, ನಿಂತು ಕೇಳಿಸಿಕೊಂಡರಂತೆ.

ಆದರೆ ಹುಡುಗಿ ಅವರ ಜೊತೆ ಮಾತು ಬಿಟ್ಟಳು. ಅದೇ ಮನೆ, ಅದೇ ಊಟದ ಮೇಜು, ಮಾತಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದಳು: ಪೆನ್ಸಿಲ್ ಬೇಕು, ನಾಳೆ ಶಾಲೆ ಇಲ್ಲ. ಪಟ್ಟಿಯಣ್ಣ ಆ ಚೀಟಿಗಳನ್ನು ನನಗೆ ತಂದು ತೋರಿಸುತ್ತಿದ್ದರು. ಎರಡನೇ ತಿಂಗಳಲ್ಲಿ ಒಂದು ಚೀಟಿಯಲ್ಲಿ ಮಾಮ ಎಂದು ಬರೆದು ಹೊಡೆದು ಹಾಕಿದ್ದಳು. ಆ ಚೀಟಿ ಹಿಡಿದುಕೊಂಡು ಅವರು ಒಂಬತ್ತನೇ ಕೋಣೆಯ ಬಾಗಿಲು ಹಾಕಿಕೊಂಡರು. ರೋಗಿಗಳು ಹತ್ತು ನಿಮಿಷ ಕಾಯಬೇಕಾಯಿತು.

ಅವಳ ಮಾತ್ರೆ ಒಂದು ಹೊತ್ತೂ ತಪ್ಪದಂತೆ ನೋಡಿಕೊಳ್ಳುತ್ತಿದ್ದ ಮನುಷ್ಯ ತಮ್ಮದನ್ನು ಮುಟ್ಟುತ್ತಿರಲಿಲ್ಲ. ಅದು ನನಗೆ ಗೊತ್ತಾದದ್ದು ಜೆಲ್ಲಿ ಹುಡುಕಲು ಅವರ ಬೀರು ತೆರೆದಾಗ. ಡಾಕ್ಟರಮ್ಮ ಬರೆದುಕೊಟ್ಟಿದ್ದ ಮೂರು ಡಬ್ಬಿ, ಮೂರಕ್ಕೂ ಮುಚ್ಚಳದ ಕಾಗದ ಹರಿದಿರಲಿಲ್ಲ.

"ಏನ್ರೀ ಇದು?" ಎಂದೆ. ದನಿ ಏರಿತು.

"ಬೇಡ ಸಿಸ್ಟರ್. ನನ್ನ ತಂಗಿಗೆ ಸಿಗದೇ ಇದ್ದದ್ದು ನನಗ್ಯಾಕೆ? ನನ್ನ ಕೈಯಲ್ಲೇ ಅಲ್ವಾ ಹೋದದ್ದು. ಇದ್ದಷ್ಟು ದಿನ ಇರ್ತೀನಿ."

ನನಗೆ ಸಿಟ್ಟು ಬಂತು, ಡಬ್ಬಿಗಳನ್ನು ಬೀರುವಿನಲ್ಲೇ ಇಟ್ಟು ಹೊರಬಂದೆ. ಬೈದರೆ ಕೇಳುವ ಜಾತಿಯಲ್ಲ. ಸುಮ್ಮನಿರಿ ಎಂದು ಒಮ್ಮೆ ಸಲಹೆ ಕೊಟ್ಟು ಅನುಭವಿಸಿದ್ದೆ. ಈ ಸಲ ಸುಮ್ಮನಿರಲಿಲ್ಲ. ಸಂಜೆ ಹುಡುಗಿ ಬಂದು ಬೆಂಚಿನ ಮೇಲೆ ಚೀಲ ಇಡುವ ಮೊದಲೇ ಎಲ್ಲ ಹೇಳಿಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ನನ್ನ ಲೋಟದಲ್ಲಿದ್ದ ನೀರನ್ನೇ ಎತ್ತಿಕೊಂಡು ಹನ್ನೆರಡು ಹೆಜ್ಜೆ ನಡೆದು ಒಂಬತ್ತನೇ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಪಟ್ಟಿಯಣ್ಣ ಮಂಚದ ಹೊದಿಕೆ ಬದಲಿಸುತ್ತಿದ್ದರು. ಅವಳು ಬೀರು ತೆರೆದಳು, ಡಬ್ಬಿ ತೆಗೆದಳು, ಉಗುರಿನಲ್ಲಿ ಕಾಗದ ಹರಿದಳು.

"ಅಮ್ಮಂದು ನೀನು ನೋಡ್ಲಿಲ್ಲ" ಅಂದಳು. ಎರಡು ತಿಂಗಳ ನಂತರದ ಮೊದಲ ಮಾತು, ದನಿ ಒರಟಾಗಿತ್ತು. "ಅದಕ್ಕೆ ನಿನ್ನ ಮೇಲೆ ನನಗೆ ಕೋಪ ಇದೆ. ಇನ್ನೂ ತುಂಬಾ ವರ್ಷ ಇರತ್ತೆ. ನೀನೂ ಸತ್ತೋದ್ರೆ ನಾನು ಯಾರನ್ನ ಬೈಲಿ, ಮಾಮ?"

ಪಟ್ಟಿಯಣ್ಣ ಕೈ ಚಾಚಿದರು. ಅವಳು ಮಾತ್ರೆಯನ್ನು ಆ ಅಂಗೈಯಲ್ಲಿ ಇಟ್ಟು, ನೀರಿನ ಲೋಟವನ್ನು ತಾನೇ ಅವರ ಬಾಯಿಗೆ ಹಿಡಿದಳು. ಅವರು ನುಂಗಿದರು.

"ಬಾಯಿ ತೆಗಿ" ಅಂದಳು. "ನಾಲಿಗೆ ಎತ್ತು."

ಅವರು ಎತ್ತಿದರು. ಅವಳು ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು.